ಒಂದು ಉದ್ದ ಗೆರೆ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ನಿಸ್ಸಿ ಕೋಣೆಯ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಗೋಡೆಯ ಮೇಲಿನ ದೊಡ್ಡ ಪರದೆ ಕಪ್ಪಗಿತ್ತು. ಮೂರು ವಾರದಿಂದ ಕೈ ಜಾರಿ ಬೀಳುತ್ತಲೇ ಇದ್ದದ್ದೊಂದು ಇವತ್ತು ನೆಲಕ್ಕೆ ತಾಗಿತು ಅನ್ನಿಸಿತು. ಕೆಲಸದ ದಿನಗಳಲ್ಲಿ ಆ ಪರದೆಯ ತುಂಬ ಬೀದರ ಜಿಲ್ಲೆಯ ನಕಾಶೆ ಇರುತ್ತಿತ್ತು. ಅದರ ಮೇಲೆ ನಲವತ್ತೆರಡು ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಊರಿನ ಸಣ್ಣ ದವಾಖಾನೆ. ಅಲ್ಲಿ ತೆಗೆದ ಎದೆಯ ಇಸಿಜಿ ಅವಳ ಕಂಪನಿಯ ಕೇಬಲ್ಲಿನಲ್ಲಿ ಹರಿದು ಬೀದರದ ದೊಡ್ಡ ಡಾಕ್ಟರರ ಮುಂದೆ ಬೀಳಬೇಕು. ಕೇಬಲ್ ಎಲ್ಲಾದರೂ ತುಂಡಾದರೆ ಆ ಊರಿನ ಚುಕ್ಕೆ ಕೆಂಪಾಗುತ್ತದೆ, ಕೋಣೆಯಲ್ಲಿದ್ದವರು ಫೋನು ಎತ್ತುತ್ತಾರೆ. ಹೀಗೆ ಕಾವಲು ಕೂತ ಸಾಫ್ಟ್‌ವೇರು ಮೂಲೆಯ ಹಳೆಯ ಯಂತ್ರವೊಂದರಲ್ಲಿತ್ತು. ನಿನ್ನೆ ಭಾನುವಾರ ಬ್ಯಾಟರಿ ಬದಲಿಸುವವರು ಬಂದು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ ಹೋಗಿದ್ದರು. ಯಂತ್ರ ಎದ್ದರೆ ಸಾಫ್ಟ್‌ವೇರೂ ತಾನಾಗಿ ಏಳಬೇಕು. ಏಳು ಎನ್ನುವ ಆದೇಶ ಒಂದೇ ಸಾಲಾಗಿ ಒಂದು ಫೈಲಿನಲ್ಲಿತ್ತು. ಅದು ಎದ್ದಿರಲಿಲ್ಲ.

ಅವಳು ಚೀಲವನ್ನೂ ಕೆಳಗಿಡದೆ ಕುಳಿತು ಕೈಯಿಂದ ಒಮ್ಮೆ ಶುರು ಮಾಡಿ ನೋಡಿದಳು. ನಾನಾಗಲೇ ಓಡುತ್ತಿದ್ದೇನೆ ಎಂದು ಯಂತ್ರ ಸುಳ್ಳು ಹೇಳಿತು. ಇದು ಗೊತ್ತಿದ್ದ ಜಡ್ಡು: ಒಮ್ಮೆಲೆ ಕರೆಂಟು ಹೋದಾಗ ಹಳೆಯ ಓಟದ ಗುರುತಿನ ಫೈಲು ಅಳಿಯದೆ ಉಳಿದುಬಿಡುತ್ತದೆ. ಅದನ್ನು ಅಳಿಸಿದಳು. ಈಗ ಅನುಮತಿ ಇಲ್ಲ ಎಂದಿತು. ಬ್ಯಾಟರಿಯವರ ಜೊತೆ ಬಂದವರು ಯಾರೋ ಬೇರೆ ಹೆಸರಿನಲ್ಲಿ ಹಚ್ಚಲು ನೋಡಿದ್ದರಿಂದ ಫೈಲುಗಳ ಒಡೆತನ ಬದಲಾಗಿತ್ತು, ಅದನ್ನೂ ಸರಿಮಾಡಿದಳು. ಬೆರಳುಗಳು ಚುರುಕಾಗಿದ್ದವು. ಮೂರನೆಯ ಸಲ ಒಂದೇ ಸಾಲು ಬಂತು: ಆರಂಭದ ಆದೇಶ ವಿಫಲ, ಈ ಆಯ್ಕೆ ಗೊತ್ತಿಲ್ಲ. ಬೆರಳುಗಳು ಅಲ್ಲಿಗೆ ನಿಂತವು. ಮುಂದೆ ಮಾಡಬೇಕಾದದ್ದು ಒಂದೇ, ಆದೇಶವಿದ್ದ ಫೈಲನ್ನು ತೆರೆದು ಓದುವುದು. ಅವಳು ಅದನ್ನು ತೆರೆಯಲಿಲ್ಲ. ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದಳು, ಇತ್ತು. ಲೈಸೆನ್ಸಿನ ಅವಧಿ ನೋಡಿದಳು, ಮಾರ್ಚ್ ತನಕ ಇತ್ತು. ಎದ್ದು ಹೋಗಿ ಯಂತ್ರದ ಹಿಂದಿನ ವೈರುಗಳನ್ನು ಒಂದೊಂದಾಗಿ ಒತ್ತಿದಳು. ಕಳೆದ ವಸ್ತು ತನ್ನ ಕಿಸೆಯಲ್ಲೇ ಇದೆ ಎಂದು ಗೊತ್ತಿದ್ದೂ ಮನೆಯವರೆಲ್ಲರ ಜೊತೆ ಹಾಸಿಗೆ ಕೊಡವಿ ಹುಡುಕುವವರ ಹಾಗೆ ಅವಳು ಮುಕ್ಕಾಲು ಗಂಟೆ ಹುಡುಕಿದಳು.

ಆ ಹೊತ್ತಿಗೆ ನಜಮೋದ್ದೀನ ಸಾಹೇಬರು ಬಂದು ಅವಳ ಹಿಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಬೀದರದ ಈ ಶಾಖೆಗೆ ಅವರು ಮುಖ್ಯಸ್ಥರು. ಟೆಲಿಫೋನು ಕಂಬದ ಕಾಲದಿಂದ ಬಂದವರಾದ್ದರಿಂದ ತಂತಿಯ ವಿಷಯ ಎಲ್ಲ ಬಲ್ಲರು, ಸಾಫ್ಟ್‌ವೇರಿನ ಮುಂದೆ ಮಾತ್ರ ಬೇರೆಯವರ ಮನೆಯ ಅಡುಗೆಮನೆಗೆ ಬಂದವರ ಹಾಗೆ ಕೈ ಕಟ್ಟಿ ಕೂರುತ್ತಿದ್ದರು. ಅಷ್ಟರಲ್ಲಿ ಹೈದರಾಬಾದಿನ ಮುಖ್ಯ ಕಚೇರಿಯಿಂದ, ಸಾಫ್ಟ್‌ವೇರಿನ ಉಸ್ತುವಾರಿ ಅನೀಲಕುಮಾರನ ಫೋನು ಬಂತು. ಅವನು ಅವಳಿಗಿಂತ ಆರು ವರ್ಷ ಚಿಕ್ಕವನು. ಇಂಗ್ಲಿಷಿನಲ್ಲಿ ನಿಧಾನವಾಗಿ, ಕಿವಿ ಮಂದವಾದವರಿಗೆ ಹೇಳುವಂತೆ, ಆ ಫೈಲನ್ನು ಕೊನೆಗೆ ಮುಟ್ಟಿದವರು ಯಾರು ಎಂದು ಕೇಳಿದ. ನೋಡಿ ಹೇಳುತ್ತೇನೆ ಎಂದಳು. ಇದು ಮೂರು ವಾರದ ಹಿಂದೆ, ಹೋದ ಸಲ ಆದದ್ದೇ ತಪ್ಪು, ಭಾಲ್ಕಿಗೆ ಹಾಕಿದ ಆ ಫೈಜಲ ಅರ್ಧಂಬರ್ಧ ಮಾಡಿಟ್ಟು ಹೋಗಿರಬೇಕು ಎಂದ ಅವನು. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಫೋನು ಕೆಳಗಿಟ್ಟ ಮೇಲೂ ಆ ಎರಡರ ನಡುವಿನ ಖಾಲಿ ಜಾಗ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಮೂರು ವಾರದ ಹಿಂದಿನ ಆ ಗುರುವಾರ ಸಂಜೆ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಚುಕ್ಕೆಗಳು ನಲವತ್ತು ದಾಟಿದ ಮೇಲೆ ಸಾಫ್ಟ್‌ವೇರು ಏದುಸಿರು ಬಿಡುತ್ತಿತ್ತು. ಆದೇಶದ ಸಾಲಿಗೆ ಒಂದು ಆಯ್ಕೆ ಸೇರಿಸಿದರೆ ಅದಕ್ಕೆ ಹೆಚ್ಚು ಮೆಮರಿ ಸಿಗುತ್ತದೆ ಎಂದು ಎಲ್ಲೋ ಓದಿದ್ದಳು. ಓದಿದ್ದನ್ನು ಮೊಬೈಲಿನಲ್ಲಿ ಬರೆದುಕೊಂಡು, ತನಗೆ ತಾನೇ ವಾಟ್ಸಾಪಿನಲ್ಲಿ ಕಳಿಸಿಕೊಂಡು, ಅಲ್ಲಿಂದ ಎತ್ತಿ ಫೈಲಿನಲ್ಲಿ ಅಂಟಿಸಿದಳು. ಒಮ್ಮೆ ಆರಿಸಿ ಹಚ್ಚಿ ನೋಡಬೇಕಿತ್ತು. ಆಗಲೇ ಆರು ದಾಟಿತ್ತು, ಮರುದಿನ ಅವ್ವನ ಕಣ್ಣು ತೋರಿಸಲು ರಜೆ ಹಾಕಿದ್ದಳು; ಶನಿವಾರ ಬಂದು ಹೇಳಿದರಾಯಿತು ಎಂದು ಎದ್ದಳು. ಶುಕ್ರವಾರ ಮಧ್ಯಾಹ್ನ ಯಂತ್ರ ಗಕ್ಕನೆ ನಿಂತಾಗ ಕೋಣೆಯಲ್ಲಿದ್ದ ಅವಳ ಜೊತೆಯ ಕೆಲಸಗಾರ ಫೈಜಲ ಎಲ್ಲರೂ ಮಾಡುವಂತೆ ಅದನ್ನು ಆರಿಸಿ ಹಚ್ಚಿದ. ಸಾಫ್ಟ್‌ವೇರು ಏಳಲಿಲ್ಲ. ಹನ್ನೆರಡರಿಂದ ನಾಲ್ಕರ ತನಕ ಪರದೆ ಕಪ್ಪಗಿತ್ತು. ಆ ನಾಲ್ಕು ತಾಸಿನಲ್ಲೇ ಸಂತಪುರದ ಹತ್ತಿರ ರಸ್ತೆ ಅಗೆಯುವ ಯಂತ್ರವೊಂದು ಔರಾದಿನ ಕೇಬಲ್ಲನ್ನು ಕಡಿದುಹಾಕಿತು. ಔರಾದಿನ ದವಾಖಾನೆಗೆ ಎಕಂಬಾದಿಂದ ಅಂಜನಾಬಾಯಿ ಎಂಬವಳನ್ನು ಎದೆ ಹಿಡಿದುಕೊಂಡಿದೆ ಎಂದು ತಂದಿದ್ದರು. ಅವಳ ಇಸಿಜಿ ಬೀದರಕ್ಕೆ ಬರಲೇ ಇಲ್ಲ. ಬರಲಿಲ್ಲ ಎನ್ನುವುದೂ ಬೀದರದಲ್ಲಿ ಯಾರಿಗೂ ತಿಳಿಯಲಿಲ್ಲ.

ಶನಿವಾರ ಇದೇ ಮೇಜಿನ ಸುತ್ತ ಕೂತು ಅನೀಲಕುಮಾರನ ದನಿಯನ್ನು ಸ್ಪೀಕರಿನಲ್ಲಿ ಹಾಕಿ ಕೇಳಿದರು. ನಾನೇ ಆರಿಸಿ ಹಚ್ಚಿದ್ದು ಎಂದ ಫೈಜಲ. ಅದು ನಿಜವೇ ಆಗಿತ್ತು. ಆ ದನಿ, ಇವನು ತಂತಿ ಎಳೆಯುವ ಕೆಲಸಕ್ಕೇ ಲಾಯಕ್ಕು ಎಂದಿತು. ನಿಸ್ಸಿ ಆಗ ನೀರಿನ ಬಾಟಲಿಯ ಮುಚ್ಚಳ ತಿರುವುತ್ತಿದ್ದಳು. ತನ್ನ ಸಾಲಿನಿಂದಲೇ ಆಯಿತೆಂದು ಖಾತ್ರಿ ಇಲ್ಲವಲ್ಲ, ಖಾತ್ರಿ ಇಲ್ಲದೆ ಹೇಗೆ ಹೇಳಲಿ ಎಂದುಕೊಂಡಳು. ಖಾತ್ರಿಯಾಗಲು ಒಂದು ಫೈಲು ತೆರೆದರೆ ಸಾಕಿತ್ತು, ಮೂರು ವಾರ ಅದನ್ನು ತೆರೆಯಲಿಲ್ಲ. ಫೈಜಲನನ್ನು ಭಾಲ್ಕಿಗೆ ಹಾಕಿದರು. ಔರಾದಿನ ಆ ಹೆಂಗಸು ಏನಾದಳೆಂದು ನಿಸ್ಸಿ ಯಾರನ್ನೂ ಕೇಳಲಿಲ್ಲ. ಕೇಳದಿದ್ದರೆ ಅವಳು ಸತ್ತಿರುವುದಿಲ್ಲ ಎನ್ನುವ ಒಂದು ಮಕ್ಕಳ ಲೆಕ್ಕ ಒಳಗೆ ನಡೆದಿತ್ತು. ನಿನ್ನೆ ಚರ್ಚಿನಲ್ಲಿ ಎಲ್ಲರೂ ಒಟ್ಟಾಗಿ ಕ್ಷಮೆ ಬೇಡುವ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಅವ್ವ ಲಿಲ್ಲಿ, ನಲವತ್ತು ವರ್ಷ ನರ್ಸಾಗಿದ್ದವಳು, ಒಮ್ಮೆ ತಿರುಗಿ ಮಗಳ ತುಟಿ ನೋಡಿದ್ದಳು. ತುಟಿ ಅಲುಗಾಡುತ್ತಿತ್ತು, ದನಿ ಇರಲಿಲ್ಲ.

ಈಗ ಸಾಹೇಬರು ಹಿಂದಿನಿಂದ, ಆ ಫೈಲ್ ಜರಾ ತೆಗೆದು ನೋಡಬಾರದೇ ಎಂದು ಕೇಳಿದರು, ಕೇಳಿದ್ದು ತಪ್ಪೇನೋ ಎನ್ನುವ ಸಂಕೋಚದಲ್ಲಿ. ಅವಳು ತೆರೆದಳು. ಸಾಲು ಅಲ್ಲಿತ್ತು. ಬದಲಿಸಿದವರು: ನಿಸ್ಸಿ. ಗುರುವಾರ, ಸಂಜೆ ಆರು ಹನ್ನೆರಡು. ಅದರ ಕೆಳಗೆ ಅದೇ ಫೈಲಿನ ಒಂದು ನಕಲು ಇತ್ತು, ಫೈಜಲನ ಹೆಸರಿನಲ್ಲಿ, ಶುಕ್ರವಾರ ಮಧ್ಯಾಹ್ನ ಮೂರು ನಲವತ್ತು. ಅವಳು ಆ ಸಮಯವನ್ನೇ ನೋಡುತ್ತ ಕೂತಳು. ಹಾಗಾದರೆ ಅವನು ಫೈಲು ತೆರೆದಿದ್ದ. ಅವಳ ಹೆಸರು ನೋಡಿದ್ದ. ಆಮೇಲೆ ಹಳೆಯ ಆದೇಶವನ್ನು ಕೈಯಾರೆ ಟೈಪು ಮಾಡಿ ಹೇಗೋ ಎಬ್ಬಿಸಿ, ಅವಳ ಸಾಲನ್ನು ಇದ್ದ ಹಾಗೆಯೇ ಬಿಟ್ಟು, ಮರುದಿನ ಬಂದು ಇದೇ ಮೇಜಿಗೆ ಅವಳ ಎದುರು ಕೂತಿದ್ದ.

ಸಾಲನ್ನು ದೊಡ್ಡದು ಮಾಡಿ ಅಕ್ಷರ ಅಕ್ಷರ ನೋಡುತ್ತ ಹೋದಳು. ಆಯ್ಕೆಯ ಹೆಸರಿಗೆ ಮೊದಲು ಎರಡು ಸಣ್ಣ ಅಡ್ಡಗೆರೆ ಇರಬೇಕು. ಅಲ್ಲಿ ಇದ್ದದ್ದು ಒಂದೇ, ಸ್ವಲ್ಪ ಉದ್ದನೆಯದು. ಚೆಂದ ಕಾಣಲೆಂದು ಮೊಬೈಲು ಎರಡನ್ನೂ ಬೆಸೆದು ಒಂದು ಮಾಡಿತ್ತು. ಕಣ್ಣಿಗೆ ಅದು ಗೆರೆಯೇ. ಯಂತ್ರಕ್ಕೆ ಮಾತ್ರ ಅರಿಯದ ಭಾಷೆಯ ಗುರುತು. ಅವಳು ಅದನ್ನು ಅಳಿಸಿ ಎರಡು ಸಣ್ಣ ಗೆರೆ ಒತ್ತಿದಳು. ಶುರು ಮಾಡಿದಳು. ತಪ್ಪಿನ ಸಾಲು ಬರಲಿಲ್ಲ. ಎರಡು ನಿಮಿಷ ಏನೂ ಬರಲಿಲ್ಲ. ಆಮೇಲೆ ಗೋಡೆಯ ಮೇಲೆ ನಕಾಶೆ ಮೂಡಿತು, ಹುಮನಾಬಾದಿನ ಕಡೆಯಿಂದ ಚುಕ್ಕೆಗಳು ಒಂದೊಂದಾಗಿ ಹಸಿರಾಗುತ್ತ ಭಾಲ್ಕಿಗೆ ಬಂದು ಔರಾದಿಗೆ ಏರಿದವು. ನಲವತ್ತೆರಡೂ. ಅಲ್ಹಮ್ದುಲಿಲ್ಲಾ ಎಂದರು ಸಾಹೇಬರು, ಚಹಾ ತರಿಸುತ್ತೇನೆ ಎಂದು ಎದ್ದರು. ಅವರು ಬಾಗಿಲಿಗೆ ಹೋಗುವಷ್ಟರಲ್ಲಿ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಅವಳಿಗೆ ಅನ್ನಿಸಿತು. ಚಹಾ ಬಂದರೆ ಕುಡಿಯುತ್ತೇನೆ, ಕುಡಿದರೆ ಮುಗಿಯಿತು.

“ಸಾಹೇಬ್ರ, ಆ ಸಾಲು ಬರದಾಕಿ ನಾನ ರಿ,” ಎಂದಳು. “ಫೈಜಲನ ತಪ್ಪಿಲ್ಲ. ಹೋದ ಸಲಾನೂ ಇಲ್ಲ.”

ಅವರು ತಿರುಗಿ ಬಂದು ಕೂತರು. ಎಲ್ಲವನ್ನೂ ಹೇಳಿದಳು, ಆ ಗುರುವಾರದಿಂದ, ನೀರಿನ ಬಾಟಲಿಯ ಮುಚ್ಚಳದ ತನಕ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಕನ್ನಡಕವಿಲ್ಲದ ಅವರ ಮುಖ ಅವಳು ನೋಡಿರಲೇ ಇಲ್ಲ, ಬಹಳ ಸಣ್ಣದಾಗಿ ಕಂಡಿತು. ಆ ಹುಡುಗನಿಗೆ ತಾನೂ ಆಡಬಾರದ ಮಾತು ಆಡಿದ್ದೇನೆ ಎಂದರು. ಹೈದರಾಬಾದಿಗೆ ಇವತ್ತೇ ಬರೆಯುತ್ತೇನೆ, ನಿನ್ನ ಹೆಸರು ಹಾಕಿ ಬರೆಯುತ್ತೇನೆ ಎಂದರು. ಹಾಕ್ರಿ ಎಂದಳು. ಬರುವ ಗುರುವಾರದಿಂದ ಫೈಜಲ ಇಲ್ಲಿಗೆ ಬರಲಿ, ನೀನು ಭಾಲ್ಕಿಯ ಲೈನು ನೋಡಿಕೋ, ಎಷ್ಟು ತಿಂಗಳೋ ಗೊತ್ತಿಲ್ಲ ಎಂದರು. ಅವಳು ತಲೆಯಾಡಿಸಿದಳು. ಆಮೇಲೆ ಅವರು ಕೇಳಿದರು:

“ಆ ಔರಾದಿನ ಹೆಣ್ಮಗಳು ಏನಾದಳು ಬೇಟಿ, ನಿನಗ ಮಾಲೂಮ್ ಅದೇನು?”

“ಇಲ್ಲ ರಿ.”

“ಕೇಳಿಲ್ಲ?”

ಅವಳು ಪರದೆಯ ಮೇಲಿನ ಔರಾದಿನ ಚುಕ್ಕೆಯ ಕಡೆ ನೋಡಿದಳು. “ನಾನೂ ಕೇಳಿಲ್ಲ,” ಎಂದರು ಅವರು. “ಹೋಗಿ ನೋಡ್ಕೊಂಡು ಬಾ. ಇವತ್ತ ಹೋಗು.”

ಔರಾದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ದಾರಿಯ ಎರಡೂ ಕಡೆ ಕೆಂಪು ನೆಲ ಮುಗಿದು ಕರಿ ನೆಲ ಶುರುವಾಗುವ ಜಾಗವನ್ನು ಅವಳು ಚಿಕ್ಕವಳಿದ್ದಾಗ ಅಪ್ಪನ ಮಡಿಲಲ್ಲಿ ಕೂತು ಕಾಯುತ್ತಿದ್ದಳು. ಇವತ್ತು ಅದು ಯಾವಾಗ ಬಂತೋ ತಿಳಿಯಲಿಲ್ಲ. ತಲೆಯೊಳಗೆ ಎರಡು ಮನೆಗಳನ್ನು ಕಟ್ಟುತ್ತಿದ್ದಳು. ಒಂದರಲ್ಲಿ ಆ ಹೆಂಗಸು ಹೊಸ್ತಿಲಲ್ಲಿ ಕೂತಿದ್ದಾಳೆ. ಇನ್ನೊಂದರಲ್ಲಿ ಗೋಡೆಗೆ ಒಂದು ಫೋಟೋ ಇದೆ, ಅದಕ್ಕೊಂದು ಹಾರ. ಎರಡನೆಯ ಮನೆಯಲ್ಲಿ ತಾನು ಎಲ್ಲಿ ನಿಲ್ಲಬೇಕು, ಚಪ್ಪಲಿ ಬಿಡಬೇಕೋ ಬಾರದೋ ಎಂದು ತಿಳಿಯದೆ ಬೆವರುತ್ತಿದ್ದಳು. ಸಂತಪುರ ದಾಟಿದ ಮೇಲೆ ರಸ್ತೆಯ ಮಗ್ಗುಲಿಗೆ ಅಗೆದು ಮುಚ್ಚಿದ ಮಣ್ಣು ಉದ್ದಕ್ಕೆ ಹಸಿಯಾಗಿಯೇ ಇತ್ತು. ಅವಳು ಕಣ್ಣು ಬೇರೆ ಕಡೆ ತಿರುಗಿಸಿ, ನಾಚಿ, ಮತ್ತೆ ಅದನ್ನೇ ನೋಡಿದಳು.

ಔರಾದಿನ ದವಾಖಾನೆಯ ನರ್ಸು ಸಿದ್ದೇಶ್ವರಿ, ಫೋನಿನಲ್ಲಿ ಮಾತ್ರ ಪರಿಚಯವಿದ್ದವಳು, ತಾನು ಯಾರೆಂದು ನಿಸ್ಸಿ ಹೇಳಿದ ಕೂಡಲೆ ಲೈನು ಮತ್ತೆ ಹೋಯಿತೇ ಎಂದು ಗಾಬರಿಯಾದಳು. ನಿಸ್ಸಿ ಅಂಜನಾಬಾಯಿಯ ಹೆಸರು ಹೇಳಿದಳು. ಹೆಸರು ಬಾಯಿಂದ ಬಂದದ್ದು ಇದೇ ಮೊದಲು. ನರ್ಸು ಯಾರು ಎಂದು ನೆನಪು ಮಾಡಿಕೊಳ್ಳಲು ತೆಗೆದುಕೊಂಡ ಮೂರು ನಾಲ್ಕು ಕ್ಷಣದಲ್ಲಿ ಹೊರಗೆ ಯಾವುದೋ ಆಟೋದ ಹಾರ್ನು ಬಾರಿಸುತ್ತಲೇ ಇತ್ತು. “ಆ ಖಡಾದಾಕೀನಾ?” ಎಂದಳು ನರ್ಸು. “ಆರಾಮ ಅದಾಳಲ್ಲ ರಿ. ಎದಿ ಅಲ್ಲ, ಪಿತ್ತಕೋಶದಾಗ ಖಡಾ, ಕಲ್ಲು ಇತ್ತು. ಬೀದರದಾಗ ತೆಗದರು.” ನಿಸ್ಸಿ ರೋಗಿಗಳ ಬೆಂಚಿನ ಮೇಲೆ ಕೂತುಬಿಟ್ಟಳು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು. ಅಲ್ಲಿಂದಲೇ ತಿರುಗಿ ಹೋಗಬಹುದಿತ್ತು. ಹಾಗೆ ಅನ್ನಿಸಿದ್ದೂ ಹೌದು. ಆದರೆ ಇಷ್ಟಕ್ಕೇ ತಿರುಗಿ ಹೋದರೆ ಆ ತಪ್ಪು ತನ್ನನ್ನು ಬಿಟ್ಟುಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎಕಂಬಾಕ್ಕೆ ಹೋಗುವ ಟಮ್‌ಟಮ್ಮು ಹತ್ತಿದಳು.

ಅಂಗಳದ ಅರ್ಧ ಭಾಗ ಕುರಿಯ ಹಟ್ಟಿ. ಮರಿಗಳು ಮಾತ್ರ ಉಳಿದಿದ್ದವು. ದೊಡ್ಡ ಕುರಿಗಳನ್ನು ಗಂಡ ಮಡೆಪ್ಪ ಮೇಯಿಸಲು ಹೊಡೆದುಕೊಂಡು ಹೋಗಿದ್ದ. ಅಂಜನಾಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅರವತ್ತರ ಹತ್ತಿರದ, ಎಲುಬು ದೊಡ್ಡದಾದ ಹೆಂಗಸು. ದವಾಖಾನೆಯ ಕಡೆಯವಳು ಎಂದ ಕೂಡಲೆ ಒಳಗೆ ಹೋಗಿ ಗುಳಿಗೆಯ ಸಣ್ಣ ಸೀಸೆಯೊಂದನ್ನು ತಂದು ಅಂಗೈ ಮೇಲೆ ಇಟ್ಟಳು. ಸೀಸೆಯಲ್ಲಿ ಹುಣಸೆಬೀಜದಷ್ಟು ದೊಡ್ಡ, ಕಂದು ಬಣ್ಣದ ಕಲ್ಲು ಇತ್ತು. ಡಾಕ್ಟರರೇ ಕೊಟ್ಟಿದ್ದಾರೆ, ಊರವರೆಲ್ಲ ನೋಡಿ ಹೋಗಿದ್ದಾರೆ ಎಂದಳು. ನಿಸ್ಸಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕಲ್ಲು ಗಾಜಿಗೆ ತಾಗಿ ಟಿಕ್ ಎಂದಿತು. ಆಮೇಲೆ, ಆ ದಿನ ಏನಾಯಿತು ಹೇಳ್ರಿ ಎಂದು ಕೇಳಿದಳು.

ಅಂಜನಾಬಾಯಿ ಹೇಳಿದಳು. ಔರಾದಿನಲ್ಲಿ ಎದೆಗೆ ವೈರು ಹಚ್ಚಿ ಕಾಗದ ತೆಗೆದರು, ಅದು ಹೋಗಲಿಲ್ಲ, ಮತ್ತೆ ಹಚ್ಚಿದರು, ಹೋಗಲಿಲ್ಲ. ಎರಡು ತಾಸು ಕಾದು ಗಾಡಿಯಲ್ಲಿ ಹಾಕಿದರು. ಗಾಡಿಯಲ್ಲಿ ಗಂಡನ ಕೈ ಹಿಡಿದು, ಕಿವಿ ಕತ್ತರಿಸಿದ ಕುರಿಯನ್ನು ಮಾರಬೇಡ, ಅದು ನನ್ನ ಕುರಿ ಎಂದು ಹೇಳಿದಳಂತೆ. ಅವನು ಅತ್ತದ್ದನ್ನು ಮದುವೆಯಾದ ಮೇಲೆ ಅವತ್ತೇ ನೋಡಿದ್ದು. ಬೀದರಕ್ಕೆ ಮುಟ್ಟಿದರೆ ಅಲ್ಲಿ ಯಾರಿಗೂ ಸುದ್ದಿ ಇರಲಿಲ್ಲ. “ಒಂದು ತಾಸು ಹೊರಗ ಪಡಸಾಲ್ಯಾಗ ಮಲಗಿಸಿದ್ದರು ಯವ್ವಾ. ಮ್ಯಾಲಿನ ಫ್ಯಾನು ನೋಡಕೋತ ಮಲಗಿದ್ದೆ. ನಾ ಬಂದೀನಿ ಅಂತ ಯಾರಿಗೂ ಗೊತ್ತಿಲ್ಲಲ, ಹಿಂಗ ಯಾರಿಗೂ ಗೊತ್ತಿಲ್ಲದ ಸಾಯ್ತೇನಿ ಅಂತ ಅಂಜಿಕಿ ಬಂತು. ನೋವಿಗಿಂತ ಅದ ಜಾಸ್ತಿ ಇತ್ತು.” ಹೇಳುವಾಗ ಅವಳ ಕೈ ಜೋಳ ಕೇರುವುದನ್ನು ನಿಲ್ಲಿಸಿತ್ತು. ನಿಸ್ಸಿ ಆ ಒಂದು ತಾಸನ್ನು ಪೂರ್ತಿ ಕೇಳಿಸಿಕೊಂಡಳು. ಬದುಕಿದ್ದಾಳೆ ಎನ್ನುವುದರಿಂದ ಆ ತಾಸು ಇಲ್ಲದಂತಾಗುವುದಿಲ್ಲ.

“ಅದು ನನ್ನಿಂದ ಆಯ್ತು ರಿ,” ಎಂದಳು. ಹೇಗೆ ಎಂದು ಕೇಳಿದಳು ಅಂಜನಾಬಾಯಿ, ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ. ನಿಸ್ಸಿ ಸಾಫ್ಟ್‌ವೇರು, ಆದೇಶ, ಆಯ್ಕೆ ಎಂದೆಲ್ಲ ಶುರು ಮಾಡಿ, ಅದು ಯಾವುದೂ ಆ ಅಂಗಳದಲ್ಲಿ ನಿಲ್ಲದೆ, ಕೊನೆಗೆ ಬೆರಳಿನಿಂದ ಮಣ್ಣಿನಲ್ಲಿ ಗೀರಿ ತೋರಿಸಿದಳು: ಹೀಗೆ ಎರಡು ಸಣ್ಣ ಗೆರೆ ಹಾಕಬೇಕಿತ್ತು, ನಾನು ಹೀಗೆ ಒಂದು ಉದ್ದ ಗೆರೆ ಹಾಕಿದೆ, ನೋಡದೆ ಮನೆಗೆ ಹೋದೆ. ಅಂಜನಾಬಾಯಿ ಬಗ್ಗಿ ಆ ಗೆರೆಯನ್ನು ನೋಡಿದಳು. ಆಮೇಲೆ ತನ್ನ ಅಂಗೈ ಬಿಡಿಸಿ ಅದರ ನಡುವಿನ ಗೆರೆಯನ್ನು ಇನ್ನೊಂದು ಕೈಯ ಬೆರಳಿನಿಂದ ಎಳೆದು, “ಗೆರಿ ಉದ್ದ ಇದ್ದರ ಆಯುಷ್ಯ ಉದ್ದ ಅಂತಾರ ನಮ್ಮ ಕಡೆ,” ಎಂದಳು. ಅದು ಚೇಷ್ಟೆಯೋ ಸಮಾಧಾನವೋ ನಿಸ್ಸಿಗೆ ತಿಳಿಯಲಿಲ್ಲ. “ಇನ್ನೊಮ್ಮಿ ಗೆರಿ ಹಾಕಿದರ ನೋಡಿ ಮನಿಗಿ ಹೋಗು ಯವ್ವಾ,” ಎಂದು ಸೇರಿಸಿದಳು ಅಂಜನಾಬಾಯಿ, ಈ ಸಲ ಚೇಷ್ಟೆ ಇಲ್ಲದೆ. ಚಹಾ ಮಾಡಿ ಕೊಟ್ಟಳು. ಕುರಿಯ ಹಾಲಿನ ಚಹಾ, ದಪ್ಪಗಿತ್ತು, ಸ್ವಲ್ಪ ವಾಸನೆ. ನಿಸ್ಸಿ ತಳದ ತನಕ ಕುಡಿದಳು.

ಔರಾದಿನ ಬಸ್‌ನಿಲ್ದಾಣದಲ್ಲಿ ನಿಂತು ಫೈಜಲನಿಗೆ ಫೋನು ಹಚ್ಚಿದಳು. ಮೂರು ವಾರದಲ್ಲಿ ಮೊದಲ ಸಲ. ಗಾಳಿಯ ಸದ್ದು, ಹಿಂದೆ ಯಾವುದೋ ಟ್ರ್ಯಾಕ್ಟರು. ಭಾಲ್ಕಿ ಕಡೆಯ ಹಲಬರ್ಗಾದ ಹೊಲಗಳಲ್ಲಿದ್ದೇನೆ, ಹೇಳು ಎಂದ. ಹೇಳಿದಳು: ಫೈಲು, ಗೆರೆ, ಸಾಹೇಬರು, ಗುರುವಾರ. ಅಂಜನಾಬಾಯಿ ಬದುಕಿದ್ದಾಳೆ ಎಂದಾಗ ಮಾತ್ರ, “ಗೊತ್ತು,” ಎಂದ. “ಮರುದಿನಾನ ದವಾಖಾನಿಗಿ ಹೋಗಿ ನೋಡಿ ಬಂದಿದ್ದೆ.”

“ನನಗ ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲಲ.” ಅವನು ಟ್ರ್ಯಾಕ್ಟರಿನ ಸದ್ದಿನಿಂದ ದೂರ ಸರಿದ. “ಫೈಲಿನಾಗ ನಿನ್ನ ಹೆಸರು ನೋಡಿದ್ದೆ. ನೀನ ಹೇಳ್ತಿ ಅಂತ ಶನಿವಾರ ದಾರಿ ನೋಡಿದೆ. ಐತ್ವಾರ ನೋಡಿದೆ. ಆಮ್ಯಾಲ ಜಿದ್ದು ಬಂತು, ಎಷ್ಟು ದಿನ ಸುಮ್ಮ ಇರ್ತಾಳ ನೋಡೂಣು ಅಂತ.”

ಅವಳು ಮಾಫ್ ಮಾಡು ಎಂದಳು. ಅದಕ್ಕೆ ಸ್ವಲ್ಪ ಟೈಮು ಹಿಡಿಯುತ್ತದೆ ಎಂದ ಅವನು, ನೆಟ್ಟಗೆ, ಬಸ್ಸು ತಡ ಎಂದು ಹೇಳುವವರ ಹಾಗೆ. ನಾಳೆ ಇಲ್ಲಿ ಎರಡು ಕಂಬ ಬಾಕಿ ಇವೆ, ಜೊತೆಯವನು ಬರುವುದಿಲ್ಲ, ಏಣಿ ಹಿಡಿಯಲು ಜನ ಬೇಕು, ಎಂಟಕ್ಕೆ ಬಾ ಎಂದು ಫೋನು ಇಟ್ಟ. ಬೀದರದ ಬಸ್ಸು ಬಂತು. ಹತ್ತಿ ಕೂತದ್ದಷ್ಟೇ ಗೊತ್ತು. ಇಳಿಹೊತ್ತಿನ ಬಿಸಿಲು ಮುಖದ ಮೇಲೆ ಬೀಳುತ್ತಿದ್ದಂತೆಯೇ ನಿದ್ದೆ ಹೋದಳು, ಬಾಯಿ ಅರ್ಧ ತೆರೆದು, ಪಕ್ಕದ ಮುದುಕಿಯ ಭುಜಕ್ಕೆ ತಲೆ ಒರಗಿಸಿ. ಕಂಡಕ್ಟರು ಬೀದರದಲ್ಲಿ ಎಬ್ಬಿಸಬೇಕಾಯಿತು. ಮುದುಕಿ ಯಾವಾಗಲೋ ಇಳಿದುಹೋಗಿದ್ದಳು. ತಲೆಯ ಕೆಳಗೆ ನಿಸ್ಸಿಯ ಚೀಲವನ್ನೇ ಮಡಿಸಿ ಇಟ್ಟಿದ್ದಳು.

ಮರುದಿನ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಅವಳು ಹಲಬರ್ಗಾದ ಕ್ರಾಸಿನಲ್ಲಿ ಇಳಿದಳು. ಫೈಜಲ ಮೊದಲೇ ಬಂದಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಸ್ವಲ್ಪ ಇಳಿದೂ ಇದ್ದ. ನಾಷ್ಟಾ ಆಯಿತೇ ಎಂದು ಕೇಳಿದ, ಆಗಿದೆ ಎಂದಳು, ಅಷ್ಟೇ. ತೊಗರಿಯ ಹೊಲದ ಬದುವಿನಲ್ಲಿ ಕಂಬಕ್ಕೆ ಏಣಿ ಒರಗಿಸಿದರು. ಹಿಡಿಯುವುದು ಹೇಗೆಂದು ಅವನು ತೋರಿಸಿದ: ಕಾಲು ಹೀಗೆ ಅಡ್ಡ ಕೊಡಬೇಕು, ಕಣ್ಣು ಮೇಲೆ ಇರಬೇಕು, ಫೋನು ಬಂದರೆ ಎತ್ತಬಾರದು. ಅವಳು ಫೋನು ತೆಗೆದು ಚೀಲದಲ್ಲಿ ಹಾಕಿ ಚೀಲವನ್ನು ದೂರ ಇಟ್ಟಳು. ಅವನು ಕೇಬಲ್ಲಿನ ಸುರುಳಿ ಹೆಗಲಿಗೆ ಹಾಕಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಕ್ಷಣ ನಿಂತು, ಕೆಳಗೆ ಅವಳ ಕೈಗಳನ್ನು ನೋಡಿದ.

“ಗಟ್ಟಿ ಹಿಡಿ,” ಎಂದ.

ಹಿಡಿದಳು. ಅವನು ಏರಿದಂತೆಲ್ಲ ಬಿದಿರು ಸಣ್ಣಗೆ ನರಳುತ್ತ ಅವನ ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಅವಳ ಅಂಗೈಗೆ ಇಳಿಸುತ್ತಿತ್ತು. ತೊಗರಿಯ ಹೂವಿನ ಮೇಲೆ ಜೇನುಗಳ ಗುಂಯ್ ಇತ್ತು. ಅವಳು ಕತ್ತೆತ್ತಿ ಅವನ ಚಪ್ಪಲಿಯ ತಳಗಳನ್ನೇ ನೋಡುತ್ತ ನಿಂತಳು.